ಇಂಗ್ಲಿಷಿನ ಸ್ವರಗಳೂ ನಮ್ಮ ತಾಯಿತಂದೆಗಳೂ

ಇಂಗ್ಲಿಷಿನಲ್ಲಿ ಸ್ವರಗಳೆಷ್ಟು ಎಂದು ಕೇಳಿದರೆ ನಮ್ಮಲ್ಲಿ ಯಾರಾದರೂ ಕ್ಷಣವೂ ಯೋಚಿಸದೆ ‘ಐದು’ ಎನ್ನುತ್ತಾರೆ. ಏ, ಈ, ಐ, ಓ, ಯೂ ಎಂದು ಬೆರಳು ಮಡಿಸಿ ಎಣಿಸಿಯೂ ತೋರಿಸುತ್ತಾರೆ. ಈ ಉತ್ತರ ಅರ್ಧ ಮಾತ್ರ ಸತ್ಯ. ಐದೆಂಬುದು ಬರೆಯುವ ಅಕ್ಷರಗಳ ಲೆಕ್ಕವೇ ಹೊರತು ಬಾಯಿಂದ ಹೊರಡುವ ಧ್ವನಿಗಳ ಲೆಕ್ಕವಲ್ಲ. ದಕ್ಷಿಣ ಇಂಗ್ಲೆಂಡಿನ ಶಿಷ್ಟ ಉಚ್ಚಾರಣೆಯಲ್ಲಿ ಸಂಧ್ಯಕ್ಷರಗಳೂ ಸೇರಿ ಸುಮಾರು 20 ಸ್ವರಧ್ವನಿಗಳನ್ನು ಧ್ವನಿಶಾಸ್ತ್ರಜ್ಞರು ಎಣಿಸುತ್ತಾರೆ. ಇಪ್ಪತ್ತು ಜನರ ಸಂಸಾರಕ್ಕೆ ಐದೇ ತಟ್ಟೆ! ಊಟದ ಹೊತ್ತಿಗೆ ಗದ್ದಲವಾಗದೆ ಇದ್ದೀತೆ?

ಈ ಗದ್ದಲದ ಪೆಟ್ಟು ಇಂದು ತಾಯಿತಂದೆಗಳಿಗೆ ತಗಲುತ್ತಿದೆ. ಸಂಜೆಯ ವೇಳೆ ನೆರೆಹೊರೆಯ ಮಕ್ಕಳಿಗೆ ಪಾಠ ಹೇಳಿಕೊಡುವ ನನಗೆ ಇದು ಕಣ್ಣಾರೆ ಕಂಡ ಸಂಗತಿ. ನಮ್ಮ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷು ಆರಂಭವಾಗುತ್ತದೆ. ಅದಕ್ಕೆ ಹಿಂದೆ ಐದನೆಯ ತರಗತಿಯಲ್ಲಿ ‘ಸಿ-ಏ-ಟಿ ಕ್ಯಾಟ್, ಕ್ಯಾಟ್ ಎಂದರೆ ಬೆಕ್ಕು’ ಎಂದು ರಾಗವಾಗಿ ಕಲಿತವರು ಇಂದಿನ ಎಷ್ಟೋ ಮಕ್ಕಳ ಹೆತ್ತವರು. ಈಗ ಹಲವು ಶಾಲೆಗಳಲ್ಲಿ ‘ಫೋನಿಕ್ಸ್’ ಎಂಬ ಧ್ವನಿಕ್ರಮ ಬಂದಿದೆ. ಅದರಲ್ಲಿ ಅಕ್ಷರದ ಹೆಸರಿಗಿಂತ ಮೊದಲು ಅದರ ಧ್ವನಿಯನ್ನು ಕಲಿಸುತ್ತಾರೆ. “ನಾನು ಏ ಅಂದರೆ ಮಗು ಆ್ಯ ಅನ್ನುತ್ತೆ ಕಣಪ್ಪ. ನಮ್ಮ ಮಿಸ್ಸು ಹಾಗೆ ಹೇಳಿಕೊಟ್ಟಿಲ್ಲ ಅಂತ ನನಗೇ ತಿದ್ದುತ್ತೆ. ನನಗೆ ಬರೋದೇ ತಪ್ಪೇನೋ ಅಂತ ಈಗ ಹತ್ತಿರ ಕೂತುಕೊಳ್ಳೋದೇ ಬಿಟ್ಟಿದೀನಿ” ಎಂದು ಒಬ್ಬ ತಾಯಿ ನನ್ನೊಡನೆ ಹೇಳಿಕೊಂಡರು. ಆಕೆ ಕನ್ನಡವನ್ನು ನಿರರ್ಗಳವಾಗಿ ಓದಬಲ್ಲವರು. ಅಂಥವರು ತಮ್ಮನ್ನು ನಿರಕ್ಷರಿಗಳೆಂದೆಣಿಸಿ ಮಗುವಿನ ಪುಸ್ತಕದಿಂದ ದೂರ ಸರಿಯುವುದು ಸಣ್ಣ ನಷ್ಟವಲ್ಲ.

ವಾಸ್ತವವಾಗಿ ತಾಯಿ ಹೇಳಿದ್ದೂ ಸರಿ, ಮಗು ಹೇಳಿದ್ದೂ ಸರಿ. ಒಂದು ಅಕ್ಷರದ ಹೆಸರು, ಇನ್ನೊಂದು ಅದರ ಕೆಲಸ. ಕನ್ನಡದಲ್ಲಿ ಇವೆರಡೂ ಒಂದೇ ಆದ್ದರಿಂದ ನಮಗೆ ಈ ಭೇದ ಹೊಳೆಯುವುದೇ ಇಲ್ಲ. ‘ಆ’ ಎಂಬ ಅಕ್ಷರದ ಹೆಸರೂ ಆ, ಧ್ವನಿಯೂ ಆ. ಇಂಗ್ಲಿಷಿನ ‘ಡಬ್ಲ್ಯು’ ಎಂಬ ಹೆಸರಿನಲ್ಲಿ ‘ವ’ಕಾರವನ್ನು ಎಲ್ಲಿ ಹುಡುಕೋಣ? ‘ಏ’ ಎಂಬ ಒಂದೇ ಅಕ್ಷರವು ‘ಕ್ಯಾಟ್’ನಲ್ಲಿ ಒಂದು ವಿಧ, ‘ಕೇಕ್’ನಲ್ಲಿ ಇನ್ನೊಂದು, ‘ಕಾರ್’, ‘ಬಾಲ್’, ‘ಮೆನಿ’, ‘ಅಬೌಟ್’ಗಳಲ್ಲಿ ಬೇರೆ ಬೇರೆ ವಿಧ. ಬಹುರೂಪಿಯಾದ ಈ ಅಕ್ಷರವನ್ನು ಒಂದೇ ಹೆಸರಿನಿಂದ ಕರೆದು ಮಗುವಿಗೆ ಪದವನ್ನು ಓದು ಎಂದರೆ ಅದು ತಬ್ಬಿಬ್ಬಾಗುವುದು ಸಹಜ.

ಈ ಅವ್ಯವಸ್ಥೆಗೆ ಚರಿತ್ರೆಯೇ ಕಾರಣ. 1400ರಲ್ಲಿ ತೀರಿಕೊಂಡ ಕವಿ ಚಾಸರನ ಕಾಲದಲ್ಲಿ ಇಂದಿನ ‘ನೇಮ್’ ಎಂಬ ಪದವನ್ನು ಹೆಚ್ಚುಕಡಿಮೆ ನಮ್ಮ ‘ನಾಮ’ದಂತೆಯೇ ಉಚ್ಚರಿಸುತ್ತಿದ್ದರು. ಕೊನೆಯ ‘ಈ’ ಅಕ್ಷರಕ್ಕೆ ಆಗ ನಿಜವಾದ ಧ್ವನಿಯಿತ್ತು. ‘ಫೀಟ್’ ಎಂಬುದು ‘ಫೇಟ್’ ಎಂದೂ, ‘ಮೂನ್’ ಎಂಬುದು ‘ಮೋನ್’ ಎಂದೂ ಕೇಳಿಸುತ್ತಿತ್ತು. ಆದುದರಿಂದಲೇ ಒಂದರಲ್ಲಿ ‘ಈ’ ಅಕ್ಷರವನ್ನೂ ಇನ್ನೊಂದರಲ್ಲಿ ‘ಓ’ ಅಕ್ಷರವನ್ನೂ ಎರಡೆರಡು ಸಲ ಬರೆಯುತ್ತಾರೆ. ಮುಂದಿನ ಎರಡು ಮೂರು ಶತಮಾನಗಳಲ್ಲಿ ದೀರ್ಘಸ್ವರಗಳೆಲ್ಲ ಸ್ಥಾನಪಲ್ಲಟ ಹೊಂದಿದವು. ಡೆನ್ಮಾರ್ಕಿನ ಪಂಡಿತ ಯೆಸ್ಪರ್ಸನ್ ಇದಕ್ಕೆ ‘ಮಹಾ ಸ್ವರಪಲ್ಲಟ’ವೆಂಬ ಅರ್ಥದ ಹೆಸರನ್ನಿತ್ತನು. ಅದೇ ಅವಧಿಯಲ್ಲಿ, 1476ರಲ್ಲಿ, ಕ್ಯಾಕ್ಸ್‌ಟನ್ ಇಂಗ್ಲೆಂಡಿನಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದನು. ಅಚ್ಚಿನಿಂದಾಗಿ ಬರಹ ಮೆಲ್ಲಮೆಲ್ಲನೆ ನೆಲೆನಿಂತಿತು. ಮಾತು ಮುಂದೆ ಸಾಗಿತು. ಸಾಲದ್ದಕ್ಕೆ ಪಂಡಿತರು ಲ್ಯಾಟಿನ್ ಮೂಲವನ್ನು ತೋರಿಸಲೆಂದು ‘ಡೆಟ್’ ಎಂಬ ಪದದೊಳಗೆ ಎಂದೂ ಉಚ್ಚರಿಸದ ‘ಬಿ’ ಅಕ್ಷರವೊಂದನ್ನು ತಂದು ಕೂರಿಸಿದರು. ಸಾಲವೆಂಬ ಅರ್ಥದ ಆ ಪದಕ್ಕೆ ಹೊತ್ತ ಹೊರೆ ಇಂದಿಗೂ ತೀರಿಲ್ಲ!

ಹಾಗೆಂದು ಇಂಗ್ಲಿಷಿನ ಕಾಗುಣಿತದಲ್ಲಿ ಕ್ರಮವೇ ಇಲ್ಲವೆನ್ನಲಾಗದು. ಪದದ ಕೊನೆಯಲ್ಲಿ ಮೌನವಾಗಿ ಕುಳಿತ ‘ಈ’ ಅಕ್ಷರ ಹಿಂದಿನ ಸ್ವರವನ್ನು ಬದಲಿಸುತ್ತದೆ: ‘ಕ್ಯಾಪ್’ ಹೋಗಿ ‘ಕೇಪ್’, ‘ಪಿನ್’ ಹೋಗಿ ‘ಪೈನ್’. ಇದನ್ನು ಮಕ್ಕಳಿಗೆ ‘ಮ್ಯಾಜಿಕ್ ಈ’ ಎಂದು ಕಲಿಸುವುದುಂಟು. ‘ಹ್ಯಾವ್’, ‘ಗಿವ್’ ಮುಂತಾದ ಅಪವಾದಗಳನ್ನು ಬೇರೆಯಾಗಿ ನೆನಪಿಟ್ಟರೆ ಸಾಕು.

ಕಲಿಸುವ ವಿಧಾನದ ಬಗೆಗಿನ ತರ್ಕ ಇಂಗ್ಲಿಷರ ನಾಡುಗಳಲ್ಲಿಯೂ ಇದೆ. ಇಡೀ ಪದವನ್ನು ಚಿತ್ರದಂತೆ ನೋಡಿ ಗುರುತಿಸುವ ಪದ್ಧತಿಯನ್ನು ಖಂಡಿಸಿ ಅಮೆರಿಕದಲ್ಲಿ ರುಡಾಲ್ಫ್ ಫ್ಲೆಶ್ 1955ರಲ್ಲಿ ಬರೆದ ಪುಸ್ತಕ ಪೋಷಕರಲ್ಲಿ ದೊಡ್ಡ ಕೋಲಾಹಲವನ್ನೇ ಎಬ್ಬಿಸಿತು. ಧ್ವನಿಗಳನ್ನು ಕ್ರಮವಾಗಿ ಕಲಿಸುವುದರಿಂದ ಓದಿಗೆ ಪ್ರಯೋಜನವುಂಟೆಂದು ಅಲ್ಲಿಯ ತಜ್ಞಮಂಡಳಿ 2000ದಲ್ಲಿ ವರದಿಯಿತ್ತಿತು. ಇಂಗ್ಲೆಂಡಿನಲ್ಲಿ 2012ರಿಂದ ಸುಮಾರು ಆರು ವರ್ಷದ ಮಕ್ಕಳಿಗೆ 40 ಪದಗಳ ಪರೀಕ್ಷೆಯುಂಟು. ಅದರಲ್ಲಿ ಅರ್ಧ ಅರ್ಥವಿಲ್ಲದ ಪದಗಳು. ಮಗು ನೆನಪಿನಿಂದಲ್ಲದೆ ಧ್ವನಿ ಕೂಡಿಸಿ ಓದುತ್ತದೆಯೇ ಎಂದು ನೋಡುವುದು ಅದರ ಉದ್ದೇಶ.

ಇನ್ನು, ಕನ್ನಡ ಬಲ್ಲ ತಾಯಿತಂದೆಗಳು ಮಾಡಬಹುದಾದುದೇನು? ಧ್ವನಿ ಕೂಡಿಸುವ ಈ ವಿದ್ಯೆ ಅವರಿಗೆ ಹೊಸದಲ್ಲ. ‘ಕ್’ಗೆ ‘ಇ’ ಸೇರಿದರೆ ‘ಕಿ’ ಎಂದು ಬಾಲ್ಯದಲ್ಲೇ ಗುಣಿತಾಕ್ಷರ ಕಲಿತವರು ಅವರು. ಇಂಗ್ಲಿಷಿಗೂ ಅದನ್ನೇ ಹೂಡಬೇಕು. ‘ಬ, ಟ’ ಎಂದು ಅಕಾರ ಬೆರೆಸದೆ ‘ಬ್, ಟ್’ ಎಂದು ಅರ್ಧಾಕ್ಷರವಾಗಿಯೇ ನುಡಿಸಿದರೆ ‘ಬ್-ಎ-ಡ್, ಬೆಡ್’ ಎಂದು ಮಗು ತಾನೇ ಕೂಡಿಸೀತು. ‘ಸಿಟ್–ಸೀಟ್’, ‘ಫುಲ್–ಫೂಲ್’ಗಳ ಭೇದವನ್ನು ಹಿಡಿಯಲು ನಮ್ಮ ಹ್ರಸ್ವದೀರ್ಘಗಳ ಅಭ್ಯಾಸ ಒಳ್ಳೆಯ ಆಸರೆ. ನಮ್ಮಲ್ಲಿಲ್ಲದ ಧ್ವನಿಗಳೂ ಕೆಲವುಂಟು: ‘ಬ್ಯಾಂಕು’ ಎಂದು ಬರೆಯುವಾಗ ಮೂಲದಲ್ಲಿಲ್ಲದ ಯಕಾರವನ್ನು ಸೇರಿಸುತ್ತೇವೆ, ‘ಕಾಲೇಜು’ ಎನ್ನುವಾಗ ಆ, ಓಗಳ ನಡುವಿನ ಸ್ವರವೊಂದನ್ನು ‘ಆ’ ಎಂದೇ ಬರೆದು ತೃಪ್ತರಾಗುತ್ತೇವೆ. ಇಂಥ ಕೆಲವನ್ನು ಮಾತ್ರ ಉಪಾಧ್ಯಾಯರ ಬಾಯಿಂದ ಕೇಳಿ ಕಲಿಯಬೇಕು.

ಶಾಲೆಗಳು ವರ್ಷಾರಂಭದಲ್ಲಿ ಒಂದು ಗಂಟೆಯ ಕಾಲ ಪೋಷಕರನ್ನು ಕೂರಿಸಿಕೊಂಡು ಇಷ್ಟನ್ನು ವಿವರಿಸಿದರೆ ಎಷ್ಟೋ ಮನೆಗಳ ಕಳವಳ ಕಳೆದೀತು. ಅದು ಆಗುವವರೆಗೆ ಈ ಕೆಲಸ ನಮ್ಮಂಥ ವಿದ್ಯಾರ್ಥಿಗಳದು. ರಜೆಯಲ್ಲಿ ಊರಿಗೆ ಹೋದಾಗ ಅಕ್ಕನಿಗೋ ಅತ್ತಿಗೆಗೋ ನೆರೆಮನೆಯವರಿಗೋ ಹೆಸರು ಬೇರೆ, ಧ್ವನಿ ಬೇರೆ ಎಂಬ ಈ ಒಂದು ಮಾತನ್ನು ಬಿಡಿಸಿ ಹೇಳೋಣ. ಅವರು ಮತ್ತೆ ಧೈರ್ಯವಾಗಿ ಮಗುವಿನ ಪಕ್ಕದಲ್ಲಿ ಕುಳಿತರೆ ನಾವು ಓದಿದ್ದಕ್ಕೆ ಅಷ್ಟರಮಟ್ಟಿಗೆ ಸಾರ್ಥಕ.