ಹಸಿವಿಗೂ ಮಿತಿ, ಊಟಕ್ಕೂ ಮಿತಿ

ರಂಜಾನ್ ತಿಂಗಳ ಸಂಜೆ ಬೆಂಗಳೂರಿನ ಫ್ರೇಜರ್ ಟೌನ್‌ನ ಮಾಸ್ಕ್ ರಸ್ತೆಯಲ್ಲಿ ಸುಳಿದಾಡಿದವರಿಗೆ ಅಲ್ಲಿನ ಘಮಲು ಬೇಗ ಮರೆಯುವಂಥದ್ದಲ್ಲ. ಕೆಂಡದ ಮೇಲೆ ಕಬಾಬು, ಬಾಣಲೆಯಲ್ಲಿ ಸಮೋಸ, ದೊಡ್ಡ ಹಂಡೆಯಲ್ಲಿ ಹಲೀಮು. ಉಪವಾಸ ಇದ್ದವರೂ ಇಲ್ಲದವರೂ ಒಟ್ಟಿಗೇ ಮುಗಿಬೀಳುತ್ತಾರೆ. ಇದನ್ನು ಕಂಡ ಯಾರಿಗಾದರೂ ಒಂದು ಪ್ರಶ್ನೆ ಏಳುವುದು ಸಹಜ: ಇದು ಉಪವಾಸದ ತಿಂಗಳೋ, ಊಟದ ತಿಂಗಳೋ?

ಈ ಪ್ರಶ್ನೆ ಹೊಸದೇನಲ್ಲ. ಇದನ್ನು ಮೊದಲು ಕೇಳಿದವರು ಹೊರಗಿನವರೂ ಅಲ್ಲ. ಸುಮಾರು 900 ವರ್ಷಗಳ ಹಿಂದೆಯೇ ಇಸ್ಲಾಮಿನ ದೊಡ್ಡ ವಿದ್ವಾಂಸರೊಬ್ಬರು ತಮ್ಮ ಕಾಲದ ಜನರನ್ನು ಇದೇ ಮಾತಿಗಾಗಿ ತರಾಟೆಗೆ ತೆಗೆದುಕೊಂಡಿದ್ದರು. ಆ ಕಥೆಗೆ ಹೋಗುವ ಮುನ್ನ ರೋಜಾ ಎಂದರೇನು ಎಂಬುದನ್ನು ಸ್ವಲ್ಪ ನೋಡೋಣ.

ಉಪವಾಸಕ್ಕೆ ಅರಬ್ಬಿಯಲ್ಲಿ ‘ಸೌಮ್’ ಎನ್ನುತ್ತಾರೆ. ತಡೆದುಕೊಳ್ಳುವುದು ಎಂಬುದು ಅದರ ಅರ್ಥ. ನಮ್ಮಲ್ಲಿ ಬಳಕೆಯಲ್ಲಿರುವ ‘ರೋಜಾ’ ಪಾರ್ಸಿಯಿಂದ ಬಂದ ಪದ. ಪೈಗಂಬರರು ಮೆಕ್ಕಾದಿಂದ ಮದೀನಾಕ್ಕೆ ಹೋದ ಎರಡನೆಯ ವರ್ಷ, ಅಂದರೆ ಕ್ರಿ.ಶ. 624ರಲ್ಲಿ, ರಂಜಾನಿನ ಉಪವಾಸ ಕಡ್ಡಾಯವಾಯಿತು. ಬೆಳಗಿನ ಜಾವದಿಂದ ಸೂರ್ಯಾಸ್ತದವರೆಗೆ ಅನ್ನವಿಲ್ಲ, ನೀರೂ ಇಲ್ಲ. ಜಾವಕ್ಕೆ ಮುಂಚಿನ ಊಟ ಸಹರಿ. ಸಂಜೆ ಉಪವಾಸ ಬಿಡುವುದು ಇಫ್ತಾರ್. ಇಸ್ಲಾಮಿನ ಪಂಚಾಂಗ ಚಂದ್ರನನ್ನು ಅನುಸರಿಸುವುದರಿಂದ ರಂಜಾನ್ ವರ್ಷಕ್ಕೆ ಹತ್ತು–ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. 2016ರಲ್ಲಿ ಜೂನ್ ತಿಂಗಳಲ್ಲಿ ಆರಂಭವಾದ ಉಪವಾಸ 2025ರಲ್ಲಿ ಮಾರ್ಚ್ ಮೊದಲ ವಾರವೇ ಬಂದಿತ್ತು.

ಉಪವಾಸದ ಉದ್ದೇಶ ದೇವಭಯ ಮತ್ತು ಸಂಯಮವನ್ನು ಬೆಳೆಸುವುದು ಎಂದು ಕುರಾನ್ ಹೇಳುತ್ತದೆ. ತಿನ್ನಿರಿ, ಕುಡಿಯಿರಿ, ಆದರೆ ಮಿತಿ ಮೀರಬೇಡಿ ಎಂಬ ಅರ್ಥದ ಆದೇಶವೂ ಅದರಲ್ಲಿದೆ. ಗಮನಿಸಬೇಕಾದ ಸಂಗತಿಯೆಂದರೆ, ಈ ಆದೇಶ ಬರುವುದು ಆರಾಧನೆಗೆ ಹೊರಡುವಾಗ ಶುಭ್ರವಾಗಿ ಉಟ್ಟುಕೊಳ್ಳಿ ಎಂದು ಹೇಳುವ ವಾಕ್ಯದಲ್ಲೇ. ಅಂದರೆ ಊಟದ ಮಿತಿ ಬರೀ ಆರೋಗ್ಯದ ವಿಚಾರವಲ್ಲ, ಅದು ಆರಾಧನೆಯ ಶಿಸ್ತಿಗೂ ಸೇರಿದ್ದು.

ಮಿತಿ ಎಂದರೆ ಎಷ್ಟು? ಇದಕ್ಕೆ ಪೈಗಂಬರರ ಮಾತುಗಳ ಸಂಗ್ರಹವಾದ ಹದೀಸಿನಲ್ಲಿ ಉತ್ತರವಿದೆ. ಮನುಷ್ಯ ತುಂಬಿಸುವ ಪಾತ್ರೆಗಳಲ್ಲೆಲ್ಲ ಹೊಟ್ಟೆಯಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಬೆನ್ನು ನೆಟ್ಟಗೆ ನಿಲ್ಲುವಷ್ಟು ಕೆಲವು ತುತ್ತುಗಳೇ ಸಾಕು. ಅದಕ್ಕಿಂತ ಹೆಚ್ಚು ಬೇಕೇ ಬೇಕೆಂದರೆ ಹೊಟ್ಟೆಯ ಮೂರನೆಯ ಒಂದು ಪಾಲು ಊಟಕ್ಕೆ, ಒಂದು ಪಾಲು ನೀರಿಗೆ, ಉಳಿದದ್ದು ಉಸಿರಿಗೆ ಎಂಬುದು ಅದರ ಸಾರ. ಅವರ ಇಫ್ತಾರ್ ಕೂಡ ಸರಳವಾಗಿತ್ತು: ಕೆಲವು ತಾಜಾ ಖರ್ಜೂರ, ಅದಿಲ್ಲವಾದರೆ ಒಣ ಖರ್ಜೂರ, ಅದೂ ಇಲ್ಲವಾದರೆ ಕೆಲವು ಗುಟುಕು ನೀರು.

ಈಗ ಆ ವಿದ್ವಾಂಸರ ಮಾತಿಗೆ ಬರೋಣ. ಅವರು ಇಮಾಮ್ ಘಜಾಲಿ (1058–1111). ಪರ್ಷಿಯಾದ ತೂಸ್ ಊರಿನವರು. ಬಾಗ್ದಾದಿನ ಹೆಸರಾಂತ ನಿಜಾಮಿಯಾ ವಿದ್ಯಾಲಯದಲ್ಲಿ ಗುರುವಾಗಿದ್ದು, ಕೀರ್ತಿಯ ಉತ್ತುಂಗದಲ್ಲಿರುವಾಗಲೇ 1095ರಲ್ಲಿ ಎಲ್ಲವನ್ನೂ ಬಿಟ್ಟು ಹೊರಟವರು. ಅವರ ‘ಇಹ್ಯಾ ಉಲೂಮುದ್ದೀನ್’ ನಲವತ್ತು ಭಾಗಗಳ ಮಹಾಗ್ರಂಥ. ಉಪವಾಸದಲ್ಲಿ ಮೂರು ದರ್ಜೆಗಳಿವೆ ಎಂದು ಅದರಲ್ಲಿ ಅವರು ವಿಂಗಡಿಸುತ್ತಾರೆ. ಹೊಟ್ಟೆ ಮತ್ತು ಕಾಮವನ್ನು ಮಾತ್ರ ತಡೆದರೆ ಅದು ಸಾಮಾನ್ಯರ ಉಪವಾಸ. ಕಣ್ಣು, ಕಿವಿ, ನಾಲಿಗೆ, ಕೈಕಾಲುಗಳನ್ನೂ ತಪ್ಪಿನಿಂದ ತಡೆದರೆ ಅದು ಎರಡನೆಯ ದರ್ಜೆ. ಮನಸ್ಸು ಕೂಡ ದೇವರ ಹೊರತು ಬೇರೆ ಕಡೆ ಹರಿಯದಿದ್ದರೆ ಅದು ಮೂರನೆಯದು.

ಎರಡನೆಯ ದರ್ಜೆಗೆ ಅವರು ಹಾಕುವ ನಿಯಮಗಳಲ್ಲಿ ಇಫ್ತಾರಿನ ಊಟವೂ ಒಂದು. ಜನರು ರಂಜಾನಿಗೆಂದೇ ಬಗೆಬಗೆಯ ತಿನಿಸು ಕೂಡಿಡುತ್ತಾರೆ, ಹಲವು ತಿಂಗಳಲ್ಲಿ ತಿನ್ನದಷ್ಟನ್ನು ಈ ಒಂದು ತಿಂಗಳಲ್ಲಿ ತಿನ್ನುತ್ತಾರೆ ಎಂದು ಘಜಾಲಿ ದೂರುತ್ತಾರೆ. ಹಗಲಿಡೀ ಹಸಿದ ಹೊಟ್ಟೆಗೆ ರಾತ್ರಿ ರುಚಿಯಾದದ್ದನ್ನೆಲ್ಲ ತುಂಬಿದರೆ ಆಸೆ ಅಡಗುವುದಿಲ್ಲ, ಇನ್ನಷ್ಟು ಕೆರಳುತ್ತದೆ ಎಂಬುದು ಅವರ ತರ್ಕ. ಉಪವಾಸವಿಲ್ಲದ ದಿನ ರಾತ್ರಿ ಎಷ್ಟು ಉಣ್ಣುತ್ತಿದ್ದೆವೋ ಅಷ್ಟೇ ಉಣ್ಣಬೇಕು, ಮಧ್ಯಾಹ್ನದ ಊಟವನ್ನು ರಾತ್ರಿಯ ಲೆಕ್ಕಕ್ಕೆ ಸೇರಿಸಬಾರದು ಎನ್ನುತ್ತಾರೆ. ಇದರ ಹಿಂದೆ ವ್ಯವಹಾರದ ಕಾರಣವೂ ಇದೆ. ರಂಜಾನಿನ ರಾತ್ರಿಗಳಲ್ಲಿ ತರಾವೀಹ್ ಎಂಬ ದೀರ್ಘ ನಮಾಜ್ ಇರುತ್ತದೆ. ಕಂಠಮಟ್ಟ ಉಂಡವನಿಗೆ ಅಲ್ಲಿ ಬರುವುದು ತೂಕಡಿಕೆಯೇ.

ಹಾಗಾದರೆ ಹಸಿದಷ್ಟೂ ಪುಣ್ಯವೇ? ಇಲ್ಲ. ಇಸ್ಲಾಮಿನ ಮಿತಿ ಎರಡೂ ಕಡೆಗೆ ಅನ್ವಯಿಸುತ್ತದೆ ಎಂಬುದನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ವರ್ಷವಿಡೀ ಉಪವಾಸ ಇರುತ್ತೇನೆಂದು ಪಣತೊಟ್ಟವನಿಗೆ ಪೈಗಂಬರರು, ನಾನು ಉಪವಾಸ ಇರುವುದೂ ಉಂಟು, ಬಿಡುವುದೂ ಉಂಟು ಎಂದು ತಿಳಿಹೇಳಿದ ಪ್ರಸಂಗ ಹದೀಸಿನಲ್ಲಿದೆ. ಅಬೂ ದರ್ದಾ ಎಂಬ ಭಕ್ತರು ಹಗಲು ಉಪವಾಸ, ರಾತ್ರಿ ನಮಾಜ್ ಎಂದು ಮನೆಯನ್ನೇ ಮರೆತಿದ್ದರು. ಅವರ ಮನೆಗೆ ಬಂದ ಗೆಳೆಯ ಸಲ್ಮಾನ್, ನೀನು ಉಣ್ಣದ ಹೊರತು ನಾನೂ ಉಣ್ಣುವುದಿಲ್ಲ ಎಂದು ಹಟ ಹಿಡಿದು ಉಪವಾಸ ಬಿಡಿಸಿದರಂತೆ. ನಿನ್ನ ಮೇಲೆ ದೇವರಿಗೆ ಹಕ್ಕಿರುವಂತೆ ನಿನ್ನ ಶರೀರಕ್ಕೂ ಮನೆಯವರಿಗೂ ಹಕ್ಕಿದೆ ಎಂಬುದು ಅವರ ವಾದ. ಪೈಗಂಬರರು ಅದನ್ನು ಒಪ್ಪಿದರು. ಸೂರ್ಯ ಮುಳುಗಿದ ಮೇಲೆ ಇಫ್ತಾರನ್ನು ತಡಮಾಡಬಾರದು, ಸಹರಿಯನ್ನು ಬಿಡಬಾರದು, ಹಬ್ಬದ ದಿನ ಉಪವಾಸ ಕೂಡದು ಎಂಬ ನಿಯಮಗಳು ಇದೇ ಮನೋಭಾವದಿಂದ ಬಂದವು. ರೋಗಿಗಳಿಗೆ, ಪ್ರಯಾಣಿಕರಿಗೆ ಕುರಾನೇ ವಿನಾಯಿತಿ ಕೊಟ್ಟಿದೆ.

ಘಜಾಲಿಯವರೂ ಕೊನೆಗೆ ಬಂದು ನಿಲ್ಲುವುದು ಇಲ್ಲಿಗೇ. ಊಟದ ಭಾರವೂ ತಿಳಿಯಬಾರದು, ಹಸಿವಿನ ನೋವೂ ತಿಳಿಯಬಾರದು. ಅಂಥ ನಡುವಿನ ಸ್ಥಿತಿಯೇ ಉತ್ತಮ ಎನ್ನುತ್ತಾರೆ ಅವರು. ಒಪ್ಪತ್ತು ಉಂಡವ ಯೋಗಿ ಎಂಬ ಗಾದೆ ಕೇಳಿ ಬೆಳೆದ ನಮಗೆ ಈ ಮಾತು ಅಪರಿಚಿತವೇನಲ್ಲ.

ಈ ಮಿತಿಗೆ ಇನ್ನೊಂದು ಮುಖವಿದೆ. ಇಬ್ಬರ ಊಟ ಮೂವರಿಗೆ ಸಾಕು ಎಂಬ ಹದೀಸ್ ಇದೆ. ರಂಜಾನ್ ಮುಗಿದು ಹಬ್ಬದ ನಮಾಜಿಗೆ ಹೋಗುವ ಮುನ್ನ ಅನುಕೂಲವಿರುವ ಪ್ರತಿಯೊಬ್ಬರೂ ತಲೆಗೆ ಒಂದು ‘ಸಾಅ್’ನಷ್ಟು ಆಹಾರವನ್ನು ಬಡವರಿಗೆ ಕೊಡಬೇಕು. ಇದು ಫಿತ್ರ್ ದಾನ. ಸಾಅ್ ಎಂದರೆ ನಾಲ್ಕು ಬೊಗಸೆ. ಈಗಿನ ಲೆಕ್ಕದಲ್ಲಿ ಎರಡೂವರೆಯಿಂದ ಮೂರು ಕಿಲೋ ಧಾನ್ಯ. ನಮ್ಮ ತಟ್ಟೆಯಲ್ಲಿ ಉಳಿಸಿದ್ದು ಇನ್ನೊಬ್ಬರ ತಟ್ಟೆಗೆ ಹೋಗಬೇಕು ಎಂಬುದು ಇದರ ಆಶಯ. ನೆರೆಯ ತಮಿಳುನಾಡಿನ ಮಸೀದಿಗಳಲ್ಲಿ ಸಂಜೆ ಕುದಿಯುವ ‘ನೋನ್ಬು ಕಂಜಿ’ಯಲ್ಲಿ ಈ ಆಶಯ ಕಣ್ಣಿಗೆ ಕಾಣುತ್ತದೆ. ಅಕ್ಕಿ, ಬೇಳೆ, ಮಸಾಲೆ ಹಾಕಿ ಮಾಡಿದ ಗಂಜಿ. ಬಡವ ಬಲ್ಲಿದರಿಗೆ ಒಂದೇ ಹಂಡೆ. ಹಸಿದ ಹೊಟ್ಟೆಗೂ ಹಗುರ.

ವೈದ್ಯರ ಸಲಹೆಯೂ ಇದಕ್ಕೆ ದೂರವಿಲ್ಲ. ಬರಿಹೊಟ್ಟೆಗೆ ಒಮ್ಮೆಲೇ ಕರಿದದ್ದು, ಸಿಹಿ ತುಂಬಿದರೆ ಅಜೀರ್ಣ, ಎದೆಯುರಿ. ಸಕ್ಕರೆ ಕಾಯಿಲೆಯವರಿಗಂತೂ ರಕ್ತದಲ್ಲಿ ಸಕ್ಕರೆ ದಿಢೀರನೆ ಏರುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಹಿಡಿಯುವುದು ಅಪಾಯ.

ಮಾಸ್ಕ್ ರಸ್ತೆಯ ಸಡಗರ ತಪ್ಪೆಂದು ಇದರ ಅರ್ಥವಲ್ಲ. ಹಸಿದವರು ಕಲೆತು ಉಣ್ಣುವುದರಲ್ಲಿ ಸಂತೋಷವಿದೆ, ಆ ಸಂತೋಷವನ್ನು ಇಸ್ಲಾಂ ಬೇಡವೆನ್ನುವುದಿಲ್ಲ. ಆದರೆ ಮೂರನೆಯ ತಟ್ಟೆಗೆ ಕೈಚಾಚುವ ಮುನ್ನ ಉಸಿರಿಗೆಂದು ಬಿಟ್ಟ ಆ ಒಂದು ಪಾಲನ್ನು ನೆನಪಿಸಿಕೊಳ್ಳಬಹುದು. ಆಮೇಲೆ ತರಾವೀಹ್‌ಗೆ ನಿಲ್ಲುವಾಗ ಅದು ಬೇಕಾಗುತ್ತದೆ.