ಹೆಂಡತಿಗೆ ಸಂದ ಯುಗಳಗೀತೆ

ಯಶವಂತಪುರ ದಾಟಿ ಕಂಠೀರವ ಸ್ಟುಡಿಯೊ ಕಡೆ ಹೊರಟರೆ ರಾಜ್‌ಕುಮಾರ್ ಸಮಾಧಿ. ಅಲ್ಲಿಗೆ ಹೋದಾಗಲೆಲ್ಲ ನನಗೆ ನೆನಪಾಗುವುದು ಅವರು ಹಾಡದೇ ಇದ್ದ ಒಂದು ಹಾಡು: 1974ರ ‘ಎರಡು ಕನಸು’ ಚಿತ್ರದ ‘ಎಂದೆಂದೂ ನಿನ್ನನು ಮರೆತು’. ತುಟಿ ಅವರದು, ದನಿ ಪಿ.ಬಿ. ಶ್ರೀನಿವಾಸ್ ಅವರದು.

ಲೇಖಕಿ ವಾಣಿಯವರ ಕಾದಂಬರಿಯನ್ನು ನಿರ್ದೇಶಕ ಜೋಡಿ ದೊರೆ–ಭಗವಾನ್ ತೆರೆಗೆ ತಂದರು. ನಾಯಕನಿಗೆ ಪ್ರೀತಿಸಿದ ಲಲಿತೆ ಕೈತಪ್ಪಿದ್ದಾಳೆ, ಕೈಹಿಡಿದ ಗೌರಿಯ ಮೇಲೆ ಮನಸ್ಸು ನಿಲ್ಲದು. ಸಿನಿಮಾದಲ್ಲಿ ಎರಡು ಯುಗಳಗೀತೆಗಳು. ಲಲಿತೆಯಾದ ಮಂಜುಳಾಗೆ ಎಸ್. ಜಾನಕಿಯ ದನಿ, ಆ ಹಾಡಿನಲ್ಲಿ ಹರೆಯದ ಜಿಗಿತವಿದೆ. ಗೌರಿಯಾದ ಕಲ್ಪನಾಗೆ ‘ಎಂದೆಂದೂ ನಿನ್ನನು ಮರೆತು’ವಿನಲ್ಲಿ ಒದಗಿದ್ದು ವಾಣಿ ಜಯರಾಂ ದನಿ. ನಾಯಕನಿಗೆ ಎರಡರಲ್ಲೂ ಶ್ರೀನಿವಾಸರೇ. ಬದಲಾಗುವುದು ಹೆಣ್ಣಿನ ದನಿ. ಕನ್ನಡದ ಅತ್ಯುತ್ತಮ ಪ್ರೇಮಗೀತೆ ಪ್ರೇಯಸಿಗಲ್ಲ, ತಡವಾಗಿ ಗಂಡನ ಕಣ್ಣಿಗೆ ಬಿದ್ದ ಹೆಂಡತಿಗೆ ಸಂದಿತು ಎಂಬುದು ನನಗೆ ಇವತ್ತಿಗೂ ದೊಡ್ಡ ಸಂಗತಿ.

ಸಂಗೀತ ಮೈಸೂರಿನ ಅಣ್ಣತಮ್ಮಂದಿರಾದ ರಾಜನ್–ನಾಗೇಂದ್ರ ಅವರದು. ಅಣ್ಣನಿಗೆ ಪಿಟೀಲು, ತಮ್ಮನಿಗೆ ಜಲತರಂಗ ಕೈಗೆ ಹತ್ತಿತ್ತು. ತಂದೆ ರಾಜಪ್ಪ ಮೂಕಿಚಿತ್ರಗಳಿಗೆ ವಾದ್ಯ ನುಡಿಸಿದವರು. ಚಿ. ಉದಯಶಂಕರ್ ಬರೆದ ಮಾತುಗಳಲ್ಲಿ ನಿಘಂಟು ತಡಕುವಂಥ ಒಂದು ಪದವೂ ಇಲ್ಲ. ಗಂಡ ಹೆಂಡತಿ ಮನೆಯಲ್ಲಿ ಆಡಬಹುದಾದ ಮಾತು, ಆದರೆ ಎಷ್ಟೋ ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಆಡದ ಮಾತು.

ವೆಲ್ಲೂರಿನಲ್ಲಿ ಹುಟ್ಟಿದ ವಾಣಿ ಜಯರಾಂ ಬ್ಯಾಂಕಿನ ಕೆಲಸ ಬಿಟ್ಟು ಹಾಡಿಗೆ ಬಂದವರು. ಉಸ್ತಾದ್ ಅಬ್ದುಲ್ ರೆಹಮಾನ್ ಖಾನ್ ಬಳಿ ಹಿಂದುಸ್ತಾನಿ ಕಲಿತರು. 1971ರ ಹಿಂದಿ ಚಿತ್ರ ‘ಗುಡ್ಡಿ’ಯಿಂದ ದೇಶಕ್ಕೆಲ್ಲ ಪರಿಚಯವಾದ ಅವರನ್ನು ಸಂಗೀತ ನಿರ್ದೇಶಕ ವಿಜಯಭಾಸ್ಕರ್ 1973ರಲ್ಲಿ ಕನ್ನಡದ ‘ಕೆಸರಿನ ಕಮಲ’ಕ್ಕೆ ಕರೆತಂದರು. ಮರುವರ್ಷವೇ ಈ ಹಾಡು. ಶ್ರೀನಿವಾಸರು ಕಾಕಿನಾಡದವರು. ಇಬ್ಬರ ಮನೆಮಾತೂ ಕನ್ನಡವಲ್ಲ. ಉಚ್ಚಾರದಲ್ಲಿ ಎಲ್ಲಿ ಹುಡುಕಿದರೂ ಅದರ ಸುಳಿವಿಲ್ಲ.

ಆಗ ನಮ್ಮ ಹಾಡುಗಳ ಧ್ವನಿಮುದ್ರಣ ಬಹುಪಾಲು ಮದರಾಸಿನಲ್ಲಿ. ಗಾಯಕರು, ವಾದ್ಯವೃಂದ ಎಲ್ಲರೂ ಒಟ್ಟಿಗೆ. ಯಾರೋ ಒಬ್ಬರು ತಪ್ಪಿದರೆ ಮತ್ತೆ ಮೊದಲಿನಿಂದ. ಇವತ್ತಿನ ಹಾಗೆ ಒಬ್ಬರು ಇವತ್ತು, ಇನ್ನೊಬ್ಬರು ಬೇರೆ ಊರಿನಲ್ಲಿ ನಾಳೆ ಹಾಡಿ ಜೋಡಿಸುವಂತಿರಲಿಲ್ಲ. ಯುಗಳಗೀತೆಗೆ ಇದರಷ್ಟು ಹೊಂದುವ ಪದ್ಧತಿ ಬೇರೆಯಿಲ್ಲ. ಒಬ್ಬರು ಸಾಲನ್ನು ಎಷ್ಟು ಮೆತ್ತಗೆ ಇಳಿಸಿದರು ಎಂಬುದು ಇನ್ನೊಬ್ಬರ ಕಿವಿಗೆ ಬಿದ್ದು, ಅದೇ ಮೆತ್ತಗೆ ಮರುಸಾಲು ಏಳುತ್ತಿತ್ತು.

ಅದೇ 1974ರಲ್ಲಿ ‘ಸಂಪತ್ತಿಗೆ ಸವಾಲ್’ಗಾಗಿ ರಾಜ್ ಹಾಡಿದರು. ಅಲ್ಲಿಂದ ಮುಂದೆ ತಮ್ಮ ಹಾಡುಗಳನ್ನು ಬಹುಮಟ್ಟಿಗೆ ತಾವೇ ಹಾಡಿಕೊಂಡರು. ಹೀಗಾಗಿ ಈ ಹಾಡು, ರಾಜ್ ಮುಖ ಮತ್ತು ಶ್ರೀನಿವಾಸರ ದನಿ ಕೂಡಿ ನಡೆದ ದಾರಿಯ ಕೊನೆಯ ತಿರುವಿನಲ್ಲಿದೆ.

2023ರ ಫೆಬ್ರವರಿ 4ರಂದು ವಾಣಿ ಜಯರಾಂ ತೀರಿಕೊಂಡರು. ಹದಿನಾರನೇ ದಿನಕ್ಕೆ ಭಗವಾನ್ ಹೋದರು. ವಾಣಿ ಜಯರಾಂ ಅವರ ಸುದ್ದಿ ಬಂದ ಸಂಜೆ ಆರ್.ಟಿ. ನಗರದ ನಮ್ಮ ಮನೆಯಲ್ಲಿ ಇದೇ ಹಾಡು ಹಾಕಿದ್ದೆ. ಅಮ್ಮ ಒಲೆ ಆರಿಸಿ ಬಂದು ಬಾಗಿಲಿಗೊರಗಿ ನಿಂತಳು. ಹಾಡು ಮುಗಿದ ಮೇಲೆ, ‘ಇನ್ನೊಂದ್ಸಲ ಹಾಕು’ ಅಂದಳು.