ಹಳೇ ಟ್ರಕ್ಕಿಗೆ ಹೊಸ ವೀಲು: ನಡುವೆ ಕೂರುವ ಸ್ಪೇಸರ್ ಕಥೆ



ಈ ಸಲ ಪುಣೆಯ ಹಿರಿಯ ಕೇಳುಗರೊಬ್ಬರ ಪತ್ರದಿಂದಲೇ ಶುರು ಮಾಡುತ್ತೇನೆ. ಅಮೆರಿಕದಲ್ಲಿರುವ ಅವರ ಮಗ 1995ರ ಷೆವರ್ಲೆ ಸಿ1500 ಪಿಕಪ್ ಟ್ರಕ್ ಒಂದನ್ನು ಅಗ್ಗಕ್ಕೆ ಕೊಂಡಿದ್ದಾನಂತೆ. ಈಗ ಅದಕ್ಕೆ ಹೊಸ ಸಿಲ್ವೆರಾಡೊ ಟ್ರಕ್ಕಿನ 20 ಇಂಚಿನ ವೀಲ್ ಹಾಕುವ ಹಂಬಲ. "ಮಧ್ಯೆ ಒಂದು ಸ್ಪೇಸರ್ ಹಾಕಿದ್ರೆ ಆಯ್ತಪ್ಪಾ ಅಂತಾನೆ. ಏನದು? ಓಡುವಾಗ ಚಕ್ರ ಕಳಚಿ ಬೀಳೋದಿಲ್ಲ ತಾನೆ?" ಎಂದು ಕೇಳಿದ್ದಾರೆ. ನಾನು ಓದಿದ್ದು ಕನ್ನಡ ಬಿ.ಎ. ಆದರೂ ಒಬ್ಬ ತಂದೆಯ ಪ್ರಶ್ನೆಯನ್ನು ಹಾಗೇ ಬಿಡಲು ಮನಸ್ಸಾಗಲಿಲ್ಲ. ತಿಳಿದುಕೊಂಡದ್ದನ್ನು ನಿಮಗೂ ಹೇಳುತ್ತೇನೆ.

ಮೊದಲು, ಹೊಸ ವೀಲು ಹಳೇ ಗಾಡಿಗೆ ನೇರವಾಗಿ ಯಾಕೆ ಕೂರುವುದಿಲ್ಲ? ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಎಂಜಿನ್ ಬಲ ಹೋಗುವ ಆ ಸಿ1500 ಟ್ರಕ್ಕಿನ ಹಬ್‌ನಲ್ಲಿ 5 ಸ್ಟಡ್‌ಗಳಿವೆ. ಅವುಗಳ ನಡುಬಿಂದುಗಳನ್ನು ಮುಟ್ಟುವಂತೆ ವೃತ್ತ ಎಳೆದರೆ ಅದರ ಅಡ್ಡಳತೆ 5 ಇಂಚು, ಅಂದರೆ 127 ಮಿ.ಮೀ. 1999ರ ಮಾದರಿಯಿಂದ ಬಂದ ಸಿಲ್ವೆರಾಡೊ 1500ಕ್ಕೆ 6 ಸ್ಟಡ್, ವೃತ್ತ 139.7 ಮಿ.ಮೀ. ಐದು ಸ್ಟಡ್‌ನ ಹಬ್ಬಿಗೆ ಆರು ತೂತಿನ ವೀಲು ಹೇಗೆ ಕೂತೀತು?

ಅದಕ್ಕೇ ನಡುವೆ ದಪ್ಪನೆಯ ಅಲ್ಯೂಮಿನಿಯಂ ಬಿಲ್ಲೆ ಬರುತ್ತದೆ. ಬರೀ ಅಂತರ ಕೊಡುವುದು ಸ್ಪೇಸರ್. ತೂತುಗಳ ಲೆಕ್ಕವನ್ನೂ ಬದಲಾಯಿಸುವುದು ಅಡಾಪ್ಟರ್. ಮಗನಿಗೆ ಬೇಕಾದದ್ದು ಎರಡನೆಯದು. ಇದರಲ್ಲಿ ಒಳಗಿನ ಐದು ತೂತು ಹಳೇ ಹಬ್ಬಿಗೆ, ಹೊರಗೆ ನಿಂತ ಆರು ಸ್ಟಡ್ ಹೊಸ ವೀಲಿಗೆ.

ಇನ್ನೊಂದು ಸಂಗತಿ ವೀಲಿನ ಆಫ್‌ಸೆಟ್. ಹಬ್ಬಿಗೆ ಅಂಟುವ ಮುಖವು ರಿಮ್ಮಿನ ಅಗಲದ ನಡುಗೆರೆಯಿಂದ ಎಷ್ಟು ಆಚೀಚೆ ಇದೆ ಎಂಬ ಅಳತೆ ಇದು. ಹೊಸ ಸಿಲ್ವೆರಾಡೊ ವೀಲುಗಳಲ್ಲಿ ಸಾಮಾನ್ಯವಾಗಿ ಕಾಣುವುದು ಪ್ಲಸ್ 31 ಮಿ.ಮೀ. ಅಂದರೆ ವೀಲಿನ ಹೆಚ್ಚು ಭಾಗ ಗಾಡಿಯ ಒಳಗಡೆ ಸರಿದಿರುತ್ತದೆ. ಒಂದೂಕಾಲು ಇಂಚು, ಅಂದರೆ ಸುಮಾರು 32 ಮಿ.ಮೀ. ದಪ್ಪದ ಅಡಾಪ್ಟರ್ ಹಾಕಿದರೆ ಲೆಕ್ಕ ಮೈನಸ್ 1ಕ್ಕೆ ಬಂದು, ರಿಮ್ಮಿನ ನಡುಗೆರೆ ಹೆಚ್ಚುಕಡಿಮೆ ಹಬ್ಬಿನ ಮುಖಕ್ಕೇ ಬರುತ್ತದೆ. ಒಳಗಿನ ಅಂಚು ಸಸ್ಪೆನ್ಷನ್ನಿಗೆ ಉಜ್ಜುವ ಭಯ ಕಡಿಮೆ. ಆದರೆ ಹೊರಗಿನ ಅಂಚು ಮಡ್‌ಗಾರ್ಡ್‌ಗೆ ತಾಗುತ್ತದೆಯೇ ಎಂದು ಸ್ಟೀರಿಂಗ್ ಪೂರ್ತಿ ತಿರುಗಿಸಿ ನೋಡಲೇಬೇಕು.

ಈಗ ತಂದೆಯ ಪ್ರಶ್ನೆಗೆ ಬರೋಣ. ಚಕ್ರ ಕಳಚುತ್ತದೆಯೇ?

ಗಾಡಿಯ ಭಾರವನ್ನು ಸ್ಟಡ್‌ಗಳೇ ಹೊತ್ತಿವೆ ಎಂದು ನಾವು ಅಂದುಕೊಳ್ಳುತ್ತೇವೆ. ನಿಜದಲ್ಲಿ ನಟ್ ಬಿಗಿದಾಗ ಸ್ಟಡ್ ಕೂದಲೆಳೆಯಷ್ಟು ಹಿಗ್ಗಿ, ವೀಲನ್ನೂ ಹಬ್ಬನ್ನೂ ಒತ್ತಿ ಹಿಡಿಯುತ್ತದೆ. ಆ ಒತ್ತಡದಿಂದ ಹುಟ್ಟುವ ಘರ್ಷಣೆಯೇ ಚಕ್ರವನ್ನು ಜಾರದಂತೆ ಹಿಡಿದಿಡುವುದು. ನಡುವೆ ತುಕ್ಕು, ದಪ್ಪ ಬಣ್ಣ, ಮಣ್ಣು ಇದ್ದರೆ ಓಡುತ್ತಾ ಓಡುತ್ತಾ ಅದು ಪುಡಿಯಾಗುತ್ತದೆ, ಬಿಗಿ ಸಡಿಲವಾಗುತ್ತದೆ. ಆಮೇಲೆ ವೀಲು ಅಲುಗಾಡಿ ಸ್ಟಡ್‌ಗಳನ್ನು ಬಗ್ಗಿಸಿ ಬಗ್ಗಿಸಿ ಮುರಿಯುತ್ತದೆ.

ಅಡಾಪ್ಟರ್ ಹಾಕಿದಾಗ ಇಂಥ ಜೋಡಣೆ ಒಂದಲ್ಲ, ಎರಡು. ಹಬ್ಬಿಗೂ ಅಡಾಪ್ಟರಿಗೂ ನಡುವೆ ಒಂದು, ಅಡಾಪ್ಟರಿಗೂ ವೀಲಿಗೂ ನಡುವೆ ಇನ್ನೊಂದು. ಹೊರಗಿನ ನಟ್ಟುಗಳು ಎಲ್ಲರಿಗೂ ಕಾಣುತ್ತವೆ. ಒಳಗಿನವನ್ನು ನೋಡಬೇಕಾದರೆ ವೀಲನ್ನೇ ಬಿಚ್ಚಬೇಕು. ಸೋಮಾರಿತನ ನುಸುಳುವುದು ಇಲ್ಲಿಯೇ. ಅಪಾಯ ಬಿಲ್ಲೆಯ ದಪ್ಪಕ್ಕಿಂತ ಹೆಚ್ಚಾಗಿ, ಕಣ್ಣಿಗೆ ಬೀಳದ ಆ ಐದು ನಟ್ಟುಗಳಲ್ಲಿದೆ.

ಹಾಗಾಗಿ ಮಗನಿಗೆ ಇಷ್ಟು ಬರೆದು ಕಳಿಸಿ:

1. ಹಬ್ಬಿನ ಮುಖವನ್ನು ತಂತಿ ಬ್ರಷ್‌ನಿಂದ ಉಜ್ಜಿ, ಲೋಹ ಕಾಣುವಂತೆ ಮಾಡಲಿ.

2. ನಡುವಿನ ತೂತು ಹಬ್ಬಿನ ದಿಂಡಿಗೆ ಸರಿಯಾಗಿ ಕೂರುವ ಅಡಾಪ್ಟರನ್ನೇ ಕೊಳ್ಳಲಿ. ಸಿಲ್ವೆರಾಡೊ ವೀಲಿನ ನಡುತೂತು 78.1 ಮಿ.ಮೀ.; ಅಡಾಪ್ಟರಿನ ಹೊರಗಿನ ಅಂಚು ಅದಕ್ಕೆ ಹೊಂದಬೇಕು. ಇಲ್ಲದಿದ್ದರೆ ವೇಗದಲ್ಲಿ ನಡುಕ ಬರುತ್ತದೆ.

3. ಹಳೇ ಸ್ಟಡ್‌ಗಳ ತುದಿ ಅಡಾಪ್ಟರಿನಿಂದ ಹೊರಗೆ ಇಣುಕಬಾರದು. ವೀಲಿನ ಹಿಂಬದಿಯಲ್ಲಿ ಅದಕ್ಕೆ ಗುಳಿ ಇಲ್ಲದಿದ್ದರೆ ವೀಲು ಸಮನಾಗಿ ಕೂರುವುದಿಲ್ಲ.

4. ನಟ್ ಕನಿಷ್ಠ ಸ್ಟಡ್‌ನ ದಪ್ಪದಷ್ಟಾದರೂ ಒಳಹೋಗಿರಬೇಕು. 14 ಮಿ.ಮೀ. ಸ್ಟಡ್, ಒಂದೂವರೆ ಮಿ.ಮೀ. ಮರೆಯಾದರೆ ಒಂಬತ್ತು ಸುತ್ತಿಗಿಂತ ಹೆಚ್ಚು.

5. ಕೈ ಅಂದಾಜು ಬೇಡ, ಟಾರ್ಕ್ ರೆಂಚ್ ಬೇಕು. ಸಿಲ್ವೆರಾಡೊ ವೀಲಿನ ನಟ್ಟಿಗೆ ಕಂಪನಿ ಹೇಳುವ ಬಿಗಿ ಸುಮಾರು 190 ನ್ಯೂಟನ್ ಮೀಟರ್. ಅಡಾಪ್ಟರಿಗೆ ಅದರ ಜೊತೆ ಬಂದ ಚೀಟಿಯ ಲೆಕ್ಕ. ಎದುರುಬದುರಾಗಿ ಬಿಗಿಯಬೇಕು.

6. 80ರಿಂದ 160 ಕಿ.ಮೀ. ಓಡಿಸಿದ ಮೇಲೆ ವೀಲು ಬಿಚ್ಚಿ ಒಳಗಿನ ನಟ್ಟುಗಳನ್ನು ಮತ್ತೆ ಬಿಗಿ ನೋಡಲಿ. ಆಮೇಲೂ ಟೈರ್ ಬಿಚ್ಚಿದಾಗಲೆಲ್ಲ ನೋಡಲಿ.

ವೀಲು ಹೊರಗೆ ಸರಿದಷ್ಟೂ ಬೇರಿಂಗ್ ಮೇಲೆ ಒತ್ತಡ ಹೆಚ್ಚುತ್ತದೆ, ಗುಂಡಿ ಸಿಕ್ಕಾಗ ಸ್ಟೀರಿಂಗ್ ಕೈಯನ್ನು ಎಳೆಯುತ್ತದೆ. ಸ್ಪೀಡೋಮೀಟರನ್ನೂ ಮರೆಯಬಾರದು. ಹಳೇ 235/75 ಆರ್15 ಟೈರಿನ ಎತ್ತರ ಸುಮಾರು 734 ಮಿ.ಮೀ., ಹೊಸ 275/55 ಆರ್20 ಟೈರಿನದು ಸುಮಾರು 811. ಮುಳ್ಳು 100 ತೋರಿಸುವಾಗ ಗಾಡಿ ನಿಜಕ್ಕೂ 110ರ ಮೇಲೆ ಓಡುತ್ತಿರುತ್ತದೆ!

ಇದನ್ನು ಓದಿ ಇಲ್ಲಿ ನಿಮ್ಮ ಹಳೇ ಜೀಪಿಗೂ ಹೀಗೆ ಮಾಡುವ ಆಸೆಯಾದರೆ ಸ್ವಲ್ಪ ತಾಳಿ. ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸಬಾರದು ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿದಿದೆ. ಮೊದಲು ಆರ್‌ಟಿಒದಲ್ಲಿ, ವಿಮೆಯವರಲ್ಲಿ ಕೇಳಿ, ಆಮೇಲೆ ಗ್ಯಾರೇಜಿಗೆ ಹೋಗಿ.

ಪುಣೆಯ ಹಿರಿಯರೇ, ಮುಂದಿನ ಸಲ ಮಗ ಫೋನ್ ಮಾಡಿದಾಗ "ವೀಲು ಹೇಗೆ ಕಾಣ್ತಿದೆ?" ಎಂದು ಕೇಳುವ ಮೊದಲು "ಒಳಗಿನ ನಟ್ಟು ನೋಡಿದ್ಯೇನಪ್ಪಾ?" ಎಂದು ಕೇಳಿ.

ಮತ್ತೆ ರೇಡಿಯೋದಲ್ಲಿ ಸಿಗೋಣ. ನಿಮ್ಮ ಪತ್ರಗಳು ಬರುತ್ತಿರಲಿ.